ಈಳಿಗಿಯ ಮುಂದೆ ಫ್ರಾನ್ಸ್ ಚೂರಿ

"ಈಳಿಗಿ ಮಡಚಿಡ್ರಿ. ಕಾಲಿಗೆ ಹತ್ತತದ."

ನನ್ನ ಹೆಂಡತಿ ನನಗೆ ಹೇಳಿದ ಕೊನೆಯ ಮಾತು ಇದು. ಬದನೀಕಾಯಿ ಹೆಚ್ಚಿ ಮುಗಿಸಿದ್ದಳು. ತಲಿ ತಿರಗಾಕತ್ತದ ಅಂತ ಚಾಪೆ ಹಾಸಿಕೊಂಡು ಅಡ್ಡಾದಳು. ನಾನು ಈಳಿಗಿ ಮಡಚಿ ಗೋಡೆಗೆ ಆನಿಸಿಟ್ಟೆ. ತಿರುಗಿ ನೋಡಿದೆ. ಆಕೆಯ ಉಸಿರು ಇರಲಿಲ್ಲ.

ಆಮೇಲೆ ಬಹಳ ದಿನ ಆ ಈಳಿಗಿ ಹಾಗೇ ಇತ್ತು. ತೆರೆಯಲು ಕೈ ಬರಲಿಲ್ಲ. ಹೋಟೆಲಿನಲ್ಲಿ ಊಟ ಮಾಡಿದೆ.

ನನ್ನದು ಬಸವಕಲ್ಯಾಣದ ಬಸ್ ಸ್ಟ್ಯಾಂಡಿನ ಹಿಂದೆ ಸಾಣಿ ಹಿಡಿಯುವ ಅಂಗಡಿ. ಹಳೆ ಚೂರಿಯನ್ನೂ ಮಾರುತ್ತೇನೆ. ಚೂರಿ ಅಂಗಡಿ ಅಂದರೆ ಜನ ಹೆದರುತ್ತಾರೆ. ಖರೇ ಹೇಳಬೇಕೆಂದರೆ ಅಲ್ಲಿ ಬೆರಳು ಕೊಯ್ಯುವುದಕ್ಕಿಂತ ಹೊಟ್ಟೆ ಹುಣ್ಣಾಗುವಂತೆ ನಗುವುದೇ ಜಾಸ್ತಿ. ಒಂದು ತಮಾಷೆ ಮುಗಿಯುವುದರೊಳಗೆ ಇನ್ನೊಂದು ಬಂದು ನಿಲ್ಲುತ್ತದೆ. ಸಂಜೆ ಮನೆಗೆ ಹೋಗಿ ಹೆಂಡತಿಗೆ ಹೇಳುತ್ತಿದ್ದೆ. ಈಗ ಮನೆಯಲ್ಲಿ ಕೇಳುವವರಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಸಾಲಿ ಬಹಳ ಕಲಿತವನಲ್ಲ. ಮಾತು ಎಲ್ಲಿ ಮೊಂಡಾಗಿದೆಯೋ ಅಲ್ಲಿ ನೀವೇ ಸಾಣಿ ಹಿಡಿದುಕೊಳ್ಳಿ.

ಫ್ರಾನ್ಸದಾಗ ನೆಲಾ ಇಲ್ಲೇನು?

ಹೈದರಾಬಾದಿನ ಗುಜರಿ ವ್ಯಾಪಾರಿ ನನಗೆ ಗೋಣಿಚೀಲದಲ್ಲಿ ಹಳೆ ಚೂರಿ ಕಳಿಸುತ್ತಾನೆ. ಮುಚ್ಚಿದ ದೊಡ್ಡ ಹೋಟೆಲಿನವು, ಪರದೇಶದ ಹಳೆ ಸಾಮಾನಿನ ಜೊತೆ ಬಂದವು, ಎಲ್ಲಾ ಒಂದೇ ಚೀಲದಲ್ಲಿ. ಅದರಲ್ಲಿ ಎಲ್ಲೋ ಒಂದು ಫ್ರಾನ್ಸ್ ಚೂರಿ ಇರುತ್ತದೆ. ಅದನ್ನು ಹುಡುಕುವುದೇ ನನ್ನ ಕಸಬು.

ಮೊದಲು ಹೊಟ್ಟೆ ನೋಡಬೇಕು. ಜರ್ಮನಿ ಚೂರಿಗೆ ಹೊಟ್ಟೆ ಬಂದಿರುತ್ತದೆ, ಮದುವೆ ಊಟ ಮುಗಿಸಿದ ಬೀಗರ ಹಾಗೆ. ಫ್ರಾನ್ಸಿನದು ಬಡಕಲು. ಕೊಯ್ಯುವ ಬಾಯಿ ಹೆಚ್ಚುಕಮ್ಮಿ ನೇರ, ತುದಿ ಚೂಪು. ಬೆನ್ನು ಹಿಡಿಕೆಯ ಹತ್ತಿರ ದಪ್ಪ, ಮುಂದೆ ಹೋದಂತೆ ತೆಳ್ಳಗೆ. ಹಳೆಯದಾದರೆ ಹಿಡಿಕೆ ಕರಿ ಕಟ್ಟಿಗೆಯದು, ಅದರಲ್ಲಿ ಹಿತ್ತಾಳೆ ಮೊಳೆ. ಉಗುರಿನಿಂದ ತಟ್ಟಿ ಕಿವಿಗೆ ಹಿಡಿದರೆ ಸದ್ದು ಬೇಗ ಸಾಯುವುದಿಲ್ಲ.

ಅಂಥದ್ದು ಮೊದಲ ಸಲ ಸಿಕ್ಕಾಗ ಎದೆ ಉಬ್ಬಿಸಿಕೊಂಡು ಮನೆಗೆ ಒಯ್ದೆ. ಹೆಂಡತಿಯ ಮುಂದೆ ಕೈ ಚಾಚಿದೆ.

"ಕೈಯಾಗ ಕೊಡಬ್ಯಾಡ್ರಿ, ಜಗಳಾಗ್ತದ. ಕೆಳಗ ಇಡ್ರಿ," ಅಂದಳು.

ಇಟ್ಟೆ. ಎತ್ತಿಕೊಂಡಳು. ಹಿಂದೆ ಮುಂದೆ ತಿರುಗಿಸಿದಳು.

"ಇದರ ಮಣಿ ಎಲ್ಲದ? ಕಾಲು ಎಲ್ಲಿ ಇಡೂದು?"

"ಮಣಿ ಇರಲ್ಲ. ಕೈಯಾಗ ಹಿಡೀಬೇಕು. ಅಲ್ಲಿ ಮಂದಿ ನಿಂತು ಹೆಚ್ಚತಾರ."

"ನಿಂತು? ಯಾಕ, ಫ್ರಾನ್ಸದಾಗ ನೆಲಾ ಇಲ್ಲೇನು?"

ಅವತ್ತೇ ಪಂದ್ಯ ಕಟ್ಟಿದೆವು. ಇಬ್ಬರಿಗೂ ಒಂದೊಂದು ಉಳ್ಳಾಗಡ್ಡಿ. ನನಗೆ ಚೂರಿ, ಆಕೆಗೆ ಈಳಿಗಿ. ಮೊದಲು ಯಾರ ಕಣ್ಣಲ್ಲಿ ನೀರು ಬರುತ್ತದೋ ಅವರು ಸೋತಂತೆ. ಅಲಗಿನ ಧಾರ ಚೊಕ್ಕ ಇದ್ದರೆ ಉಳ್ಳಾಗಡ್ಡಿಗೆ ಕೊಯ್ದದ್ದೇ ಗೊತ್ತಾಗುವುದಿಲ್ಲ, ಕಣ್ಣು ಉರಿಯುವುದಿಲ್ಲ. ನಾನು ಅರ್ಧಕ್ಕೆ ಬರುವುದರೊಳಗೆ ಆಕೆಯದು ಮುಗಿದಿತ್ತು. ನನ್ನ ಕಣ್ಣಿಗೆ ತನ್ನ ಸೆರಗು ಕೊಟ್ಟಳು.

"ವರಸ್ಕೊರಿ. ಫ್ರಾನ್ಸ್ ಅಳಾಕತ್ತದ."

ಆಮೇಲೆ ಸಿಕ್ಕ ಒಳ್ಳೆ ಚೂರಿಯನ್ನೆಲ್ಲ ಆ ಈಳಿಗಿಯ ಮುಂದೆ ನಿಲ್ಲಿಸಿದೆ. ಒಂದೂ ಗೆಲ್ಲಲಿಲ್ಲ. ಈಳಿಗಿ ಹುಮನಾಬಾದಿನ ಆಕೆಯ ತವರಿನದು, ಅವ್ವನದು. ತಾನೇ ಹೊಸ್ತಿಲ ಕಲ್ಲಿಗೆ ತಿಕ್ಕಿ ಧಾರ ಮಾಡಿಕೊಳ್ಳುತ್ತಿದ್ದಳು. ಸಾಣಿ ಹಿಡಿಯಲು ನನಗೆ ಕೊಡಲಿಲ್ಲ.

"ಊರ ಮಂದಿ ಚೂರಿಗೆಲ್ಲಾ ಸಾಣಿ ಹಿಡೀರಿ. ಇದರ ಹಂತೇಕ ಬರಬ್ಯಾಡ್ರಿ."

ಒಂದು ಸಲವಾದರೂ ಗೆಲ್ಲಬೇಕು ಅನ್ನುವುದು ನನ್ನ ಹಟವಾಯಿತು.

ಮುಂಜಾನಿ ತನಕ ಫ್ರಾನ್ಸ್ ಇತ್ತು

ನನಗೆ ಇಂಗ್ಲಿಷ್ ಬಾರದು. ಚೂರಿಯ ಮೇಲೆ ಬರೆದದ್ದು ನನಗೆ ರಂಗೋಲಿ ಇದ್ದ ಹಾಗೆ. ಹುಮನಾಬಾದಿನ ಹೋಟೆಲಿನವನೊಬ್ಬ ಒಂದು ಉಪಾಯ ಹೇಳಿದ್ದ. ಅಕ್ಷರದ ತಲೆಯ ಮೇಲೆ ಸಣ್ಣ ಓರೆ ಗೀಟು ಇದ್ದರೆ ಅದು ಫ್ರಾನ್ಸಿನವರ ಬರಹ ಅಂತ.

ಒಂದು ಚೀಲದಲ್ಲಿ ಹೊಟ್ಟೆ ಬಂದ ಚೂರಿ ಬಂತು. ಹೊಟ್ಟೆ ಜರ್ಮನಿ ಅನ್ನುತ್ತದೆ. ಆದರೆ ಅಕ್ಷರದ ಮೇಲೆ ಗೀಟು ಇದೆ. ನಾನು ಗೀಟಿನ ಮಾತು ಕೇಳಿದೆ. ಫ್ರಾನ್ಸಿನಲ್ಲೂ ಉಂಡು ದಪ್ಪಗಾದವರು ಇರಬಹುದಲ್ಲ. ಬಜಾರಿನಲ್ಲೆಲ್ಲ ಡಂಗುರ ಹೊಡೆದೆ. ಒಬ್ಬ ಮಿಠಾಯಿ ಅಂಗಡಿಯವ ಮಧ್ಯಾಹ್ನ ಬರುತ್ತೇನೆ, ಯಾರಿಗೂ ಕೊಡಬ್ಯಾಡ ಅಂದ.

ತೊಳೆದು ಇಡು ಅಂತ ಮನೆಗೆ ಒಯ್ದುಕೊಟ್ಟೆ. ಹೆಂಡತಿ ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕಿದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗಿದಳು.

"ರೀ, ನಿಮ್ಮ ಗೀಟು ಹೋಯ್ತು."

"ಎಲ್ಲಿ ಹೋಯ್ತು?"

"ಮೋರ್ಯಾಗ. ಯಾವುದೋ ಹೋಟೆಲಿನ ಮಸಾಲಿ ಒಣಗಿ ಕುಂತಿತ್ತು."

ನಾನು ತಲೆ ಹಿಡಿದುಕೊಂಡು ಕೂತೆ. ಅಷ್ಟರಲ್ಲಿ ಮಿಠಾಯಿಯವ ಬಾಗಿಲಿಗೇ ಬಂದ. "ಕಾಕಾ, ಆ ಫ್ರಾನ್ಸ್ ಚೂರಿ ತೋರಸ್ರಿ."

ಹೆಂಡತಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

"ತಡಾ ಮಾಡಿದ್ರಿ ತಮ್ಮಾ. ಮುಂಜಾನಿ ತನಕ ಫ್ರಾನ್ಸ್ ಇತ್ತು. ತೊಳದೆ, ಜರ್ಮನಿ ಆಯ್ತು."

ಅವನು ನಕ್ಕು ನಕ್ಕು ಕಟ್ಟೆಯ ಮೇಲೆ ಕೂತ. ಜರ್ಮನಿಯನ್ನೇ ಒಯ್ದ.

ತವಾ ಯಾವ ದೇಶದ್ದು?

ಹುಮನಾಬಾದಿನ ಹತ್ತಿರ ಹೈವೇ ಢಾಬಾದ ಅಡುಗೆಯವನಿಗೆ ಒಂದು ಹಳೆ ಫ್ರಾನ್ಸ್ ಚೂರಿ ಕೊಟ್ಟಿದ್ದೆ. ಖರೇ ಮಾಲು. ಕನ್ನಡಿಯ ಹಾಗೆ ಹೊಳೆಸಿ ಕೊಟ್ಟಿದ್ದೆ. ಒಂದು ವಾರಕ್ಕೆ ತಿರುಗಿ ಬಂದ. ಚೂರಿಯನ್ನು ಸಾಣಿ ಕಲ್ಲಿನ ಮೇಲೆ ದಡ್ ಅಂತ ಇಟ್ಟ.

"ಕ್ಯಾ ಕಾಕಾ, ಡೂಪ್ಲಿಕೇಟ್ ಕೊಟ್ಟೀರಿ! ನೋಡ್ರಿ, ಎಲ್ಲಾ ಕರ್ರಗಾಗ್ಯಾದ."

"ಕರ್ರಗಾಗಬೇಕು. ಲಿಂಬಿ, ಉಳ್ಳಾಗಡ್ಡಿ ಹತ್ತಿದ್ರ ಹಳೆ ಫ್ರಾನ್ಸ್ ಉಕ್ಕು ಕರ್ರಗಾಗ್ತದ. ಅದೇ ಅದರ ಗುರುತು."

"ಹಂಗಾ? ಹಂಗಾದ್ರ ನಮ್ಮ ಢಾಬಾದ ತವಾ ಭೀ ಫ್ರಾನ್ಸದ್ದೇ!"

ಸುತ್ತ ನಿಂತವರು ಹೋ ಅಂದರು. ನಾನು ಸೋತೆ ಅಂದುಕೊಂಡೆ. ಹೆಂಡತಿ ಅವತ್ತು ನನಗೆ ಬುತ್ತಿ ತಂದಿದ್ದಳು. ಡಬ್ಬಿ ಕೆಳಗಿಟ್ಟಳು.

"ಕರ್ರಗಿದ್ದದ್ದು ಬಾಳಿಕಿ ಬರ್ತದ ಬಾಬಾ," ಅಂದಳು. ನನ್ನ ಕಡೆ ಬೆರಳು ಮಾಡಿದಳು. "ಇದನ್ನ ನೋಡು. ನಮ್ಮಪ್ಪ ನನ್ನ ಕೊರಳಿಗೆ ಕಟ್ಟಿದಾಗಿಂದ ಹಿಂಗೇ ಅದ. ನಾ ಒಂದಿನಾ ವಾಪಸ್ ಮಾಡೀನೇನು?"

ಅಡುಗೆಯವ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಚೂರಿ ಎತ್ತಿಕೊಂಡು ಹೋದ.

ಆಡು ಮಾಡಿದ ಪರೀಕ್ಷೆ

ಮಂಠಾಳ ಕಡೆಯ ಆಡು ಕಾಯುವ ಮುದುಕನೊಬ್ಬ ಬಂದ. ಕೈಯಲ್ಲಿ ಹಗ್ಗ, ಹಗ್ಗದಲ್ಲಿ ಆಡು. ಒಳ್ಳೆ ಚೂರಿ ಬೇಕು ಅಂದ. ನಾನು ಮೂರು ತೋರಿಸಿ ಹೊಟ್ಟೆ, ಬೆನ್ನು, ಮೊಳೆ ಎಲ್ಲಾ ವಿವರಿಸಿದೆ.

"ನಂಗೇನ್ ತಿಳೀತದ ಅದೆಲ್ಲಾ? ಇದಕ್ಕ ತೋರಸ್ರಿ," ಅಂತ ಆಡನ್ನು ಮುಂದೆ ನೂಕಿದ. "ಚೂರಿ ವಿಷಯ ಇದರಷ್ಟು ತಿಳದವ್ರು ಯಾರಿದ್ದಾರ?"

ಗಿರಾಕಿ ಹೇಳಿದ ಮೇಲೆ ಮಾಡಬೇಕು. ಊರಿನ ಚೂರಿ ತೋರಿಸಿದೆ. ಆಡು ಹಿಡಿಕೆ ನೆಕ್ಕಿತು. ಜರ್ಮನಿ ತೋರಿಸಿದೆ. ಆಕಳಿಸಿತು. ಫ್ರಾನ್ಸ್ ತೋರಿಸಿದೆ. ಹಗ್ಗ ಕಿತ್ತುಕೊಂಡು ಓಡಿತು ನೋಡಿ, ಬಸ್ ಸ್ಟ್ಯಾಂಡ್ ದಾಟಿ ಹಳ್ಳಿಖೇಡ ಬಸ್ಸಿನೊಳಗೆ ಹತ್ತಿ ಸೀಟಿನ ಕೆಳಗೆ ಕೂತಿತು. ಮುದುಕ ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಏದುಸಿರು ಬಿಡುತ್ತಾ ಬಂದ.

"ಇದನ್ನೇ ಕಟ್ರಿ. ಖರೇ ಮಾಲು."

ಸಂಜೆ ಹೆಂಡತಿಗೆ ಹೇಳಿದೆ. "ಫ್ರಾನ್ಸ್ ತೋರಸೂದಕ್ಕೂ ಹಿಂದ ಬಸ್ ಹಾರ್ನ್ ಹೊಡ್ಯೂದಕ್ಕೂ ಸರೀ ಆಯ್ತು. ಆಡು ಅದಕ್ಕ ಓಡಿದ್ದು."

ಆಕೆ ರೊಟ್ಟಿ ತಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

"ಯಾಕ ಓಡಿದೆ ಅಂತ ನಿಮಗ ಆಡು ಬಂದು ಹೇಳಿತೇನು?"

ಯಾವ ಕಣ್ಣು ಯಾರಿಗೆ

ಆಕೆ ಹೋದ ಮೇಲೆ ಹುಮನಾಬಾದಿನಿಂದ ಆಕೆಯ ತಂಗಿ ಬಂದಳು. ನನ್ನ ನಾದಿನಿ. ಮಾತು ಅಕ್ಕನಿಗಿಂತ ಹರಿತ. ಮನೆಯೆಲ್ಲ ಗುಡಿಸಿದಳು. ಗೋಡೆಗೆ ಆನಿಸಿದ್ದ ಈಳಿಗಿಯ ಮುಂದೆ ನಿಂತಳು.

"ಮಾಮಾ, ಇದು ನಮ್ಮವ್ವಂದು. ಒಯ್ತೀನಿ. ಮಡಚಿಟ್ಟು ಪೂಜಾ ಮಾಡ್ತೀರೇನು? ನಿಮಗ ಚೂರಿ ಕಮ್ಮಿ ಅದಾವ?"

ಹೇಳಿದ್ದು ಸರಿಯೇ. ಇಲ್ಲ ಅನ್ನಲು ನನಗೆ ಹಕ್ಕಿಲ್ಲ. ಹೂಂ ಅನ್ನಲು ಬಾಯಿಲ್ಲ. ಬಾಯಿಂದ ಬಂದದ್ದು ಇಷ್ಟೇ.

"ಗೆದ್ದು ಒಯ್ಯಿ."

ಪಂದ್ಯದ ವಿಷಯ ಆಕೆಗೂ ಗೊತ್ತು. ಸೆರಗು ಸಿಕ್ಕಿಸಿದಳು. "ತರ್ರಿ ನಿಮ್ಮ ಫ್ರಾನ್ಸ್."

ಆ ವಾರದ ಚೀಲದಲ್ಲಿ ನನ್ನ ಜನ್ಮದಲ್ಲೇ ಕಾಣದಂಥ ಚೂರಿ ಬಂದಿತ್ತು. ತಟ್ಟಿದರೆ ಸದ್ದು ಓಣಿಯ ಆ ತುದಿಗೆ ಹೋಗಿ ಬರಬೇಕು, ಅಂಥದ್ದು. ಅದನ್ನೇ ತಂದೆ. ಕೂತ ಮೇಲೆ ಹೊಳೆಯಿತು. ನಾನು ಗೆದ್ದರೆ ಹೆಂಡತಿಯ ಈಳಿಗಿ ಸೋಲುತ್ತದೆ. ನಾನು ಸೋತರೆ ಅದು ಮನೆ ಬಿಟ್ಟು ಹೋಗುತ್ತದೆ.

ಎದುರು ಮನೆಯ ಮುದುಕಿಯನ್ನು ಪಂಚ ಮಾಡಿದೆವು. ಕೋಲು ಊರಿಕೊಂಡು ನಡುವೆ ಕೂತಳು. ನಾದಿನಿ ಈಳಿಗಿ ತೆರೆದಳು. ಕಿರ್ ಅಂತು. ನಾನು ಆ ಕಡೆ ನೋಡಲಿಲ್ಲ. ಉಳ್ಳಾಗಡ್ಡಿ ನೋಡಿದೆ, ಕೊಯ್ದೆ.

ಅರ್ಧಕ್ಕೆ ನಾದಿನಿಯ ಕೆನ್ನೆಯ ಮೇಲೆ ನೀರು ಇಳಿಯಿತು. ಮುದುಕಿ ಕೋಲು ಕುಟ್ಟಿದಳು. "ಬಂತು! ಫ್ರಾನ್ಸ್ ಗೆದ್ದಿತು!"

"ಇದು ಉಳ್ಳಾಗಡ್ಡಿ ನೀರಲ್ಲ ಆಯಿ," ಅಂದಳು ನಾದಿನಿ. "ಅಕ್ಕ ನೆನಪಾದ್ಳು."

"ಹಂಗಾದ್ರ ಲೆಕ್ಕಿಲ್ಲ. ನಡಸ್ರಿ." ಅಷ್ಟರಲ್ಲಿ ಮುದುಕಿ ನನ್ನ ಮುಖ ನೋಡಿದಳು. "ಇವನ ಕಣ್ಣಾಗೂ ಬಂದದ! ನಿಂದು ಯಾರಿಗಪಾ?"

"ನಂದೂ ಅಕಿಗೇ ಆಯಿ."

ಮುದುಕಿಗೆ ಸಿಟ್ಟು ಬಂತು. "ಎಲ್ಲಾ ಅಕಿಗೇ ಅಂದ್ರ ಉಳ್ಳಾಗಡ್ಡಿ ಯಾತಕ ಕೊಯ್ದ್ರಿ? ಸುಮ್ನ ಕುಂತು ಅಳಬೇಕಿಲ್ಲ?"

ನಮ್ಮಿಬ್ಬರ ಗದ್ದ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿದಳು. ನನ್ನ ಕಣ್ಣು ನೋಡಿದಳು. ನಾದಿನಿಯ ಕಣ್ಣು ನೋಡಿದಳು. ಮೂಗೂ ನೋಡಿದಳು. ಆಮೇಲೆ ತೀರ್ಪು ಕೊಟ್ಟಳು.

"ನಿಂದು ಎಡಗಣ್ಣು ಅಕ್ಕಗ, ಬಲಗಣ್ಣು ಉಳ್ಳಾಗಡ್ಡಿಗೆ. ಇವಂದು ಎರಡೂ ಹೆಂಡ್ತಿಗೆ. ನೀ ಸೋತಿ."

ನಾದಿನಿ ಮೊದಲು ನಕ್ಕಳು. ಆಮೇಲೆ ನಾನು. ಹೆಂಡತಿ ಹೋದ ಮೇಲೆ ಆ ಮನೆಯಲ್ಲಿ ಮೊದಲ ನಗು ಅದು. ನಾನು ಎದ್ದು ನಿಂತು "ಗೆದ್ದೆ!" ಅಂತ ಒದರಿದೆ. ಅಡುಗೆ ಮನೆಯ ಕಡೆ ಮುಖ ಮಾಡಿ ಒದರಿದೆ. ಇಷ್ಟು ವರ್ಷ ಕಾದಿದ್ದೆ, ಬಿಡುತ್ತೇನೆಯೇ?

ನಾದಿನಿ ಚೀಲ ಕಟ್ಟಿಕೊಂಡಳು. "ಈಳಿಗಿ ಇಟ್ಕೊರಿ ಮಾಮಾ. ಬರೇ ಮಡಚಿ ಇಟ್ರ ಮತ್ತ ಬಂದು ಒಯ್ತೀನಿ." ಹೊಸ್ತಿಲಲ್ಲಿ ನಿಂತು ಕೈ ಚಾಚಿದಳು. "ಆ ಫ್ರಾನ್ಸ್ ಇತ್ಲಾಗ ಕೊಡ್ರಿ."

"ಅದ್ಯಾಕ? ನೀ ಸೋತೀದಿ."

"ಅದಕ್ಕೇ. ಸೋತದ್ದು ನಿಮಗ ಬಿಟ್ಟೀನಲ್ಲ, ಗೆದ್ದದ್ದು ನನಗಿರಲಿ."

ಚೂರಿಯನ್ನು ಹೊಸ್ತಿಲ ಮೇಲೆ ಇಟ್ಟೆ. ಕೈಯಲ್ಲಿ ಕೊಡಲಿಲ್ಲ. ಆಕೆ ಎತ್ತಿಕೊಂಡು ಸೀರೆಯಲ್ಲಿ ಸುತ್ತಿ ಹುಮನಾಬಾದ್ ಬಸ್ಸು ಹತ್ತಿದಳು. ನನ್ನ ಜನ್ಮದ ಒಳ್ಳೆ ಫ್ರಾನ್ಸ್ ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಹೋಯಿತು.

ಮರುದಿನ ಮುಂಜಾನೆ ಈಳಿಗಿ ತೆರೆದೆ. ಮೊದಲು ಉಲ್ಟಾ ಕೂತೆ. ಆಮೇಲೆ ಆಕೆ ಕೂರುತ್ತಿದ್ದುದನ್ನು ನೆನಪು ಮಾಡಿಕೊಂಡು, ಮಣೆಯ ಮೇಲೆ ಕಾಲಿಟ್ಟು ಕೂತೆ. ಒಂದು ಉಳ್ಳಾಗಡ್ಡಿ ಹೆಚ್ಚಿದೆ. ತುಂಡು ಒಂದೊಂದೂ ಇಡ್ಲಿಯಷ್ಟು ದಪ್ಪ. ಆದರೆ ಕಣ್ಣಿನಲ್ಲಿ ಒಂದು ಹನಿ ನೀರು ಬರಲಿಲ್ಲ. ಈಳಿಗಿಯೇ ಗೆದ್ದಿತು.

ಒರೆಸಿದೆ. ಮಡಚಿಟ್ಟೆ.