ಮಾವನ ಪೊರೆ

ಒಂದು ವರ್ಷ ನಮ್ಮ ಮಾವ ಅತ್ತೆಯ ಫ್ರೀಜರಿನಲ್ಲಿ ವಾಸವಾಗಿದ್ದರು. ಇಡೀ ಮಾವ ಅಲ್ಲ, ಗಾಬರಿಯಾಗಬೇಡಿ. ಬಟಾಣಿ ಪ್ಯಾಕೆಟ್ಟಿನ ಹಿಂದೆ, ಬೆರಳುದ್ದದ ಹನ್ನೆರಡು ಸೀಸೆಗಳಲ್ಲಿ ಎಷ್ಟು ಹಿಡಿಯುತ್ತಾರೋ ಅಷ್ಟು.

ಅತ್ತೆ ರಾಜಾಜಿನಗರದ ಕಾಲೇಜೊಂದರಲ್ಲಿ ಜೀವರಸಾಯನ ಕಲಿಸಿ ನಿವೃತ್ತರಾದವರು. ಮಾವನಿಗೆ ತುಪ್ಪ ಬಿಡಲು ಹೇಳಿದ ಡಾಕ್ಟರಿಗೆ, "ಕೊಲೆಸ್ಟ್ರಾಲ್ ಇಲ್ದಿದ್ರೆ ಜೀವಕೋಶದ ಪೊರೆ ನೀರುನೀರಾಗುತ್ತೆ ಸಾರ್, ಅದಕ್ಕೂ ಒಂದು ಮರ್ಯಾದೆ ಬೇಡ್ವಾ?" ಎಂದಿದ್ದರು. ಮಾವ ಹೃದಯಾಘಾತದಿಂದ ಹೋದ ಮೇಲೆ ಆ ವಾದವನ್ನು ಮತ್ತೆ ಎತ್ತಲಿಲ್ಲ. ಕೊನೆಯ ರಕ್ತಪರೀಕ್ಷೆಯಲ್ಲಿ ಉಳಿದಿದ್ದ ರಕ್ತವನ್ನು ಮಾತ್ರ ಕೇಳಿ ತಂದರು.

ಉಪ್ಪು ತೀರಾ ಕಡಿಮೆ ಇರುವ ನೀರಿನಲ್ಲಿ ರಕ್ತಕಣ ಉಬ್ಬಿ ಬಾಯಿಬಿಡುತ್ತದೆ. ಕೆಂಪೆಲ್ಲ ಹರಿದುಹೋಗಿ ಪೊರೆಯಷ್ಟೇ ಉಳಿಯುತ್ತದೆ. ಆ ಪೊರೆಗಳನ್ನೇ ಅತ್ತೆ ಹನ್ನೆರಡು ಸೀಸೆಗಳಿಗೆ ತುಂಬಿಟ್ಟರು.

"ಎರಡೇ ಪದರ ಕೊಬ್ಬು ಕಣೇ. ತಲೆ ನೀರಿನ ಕಡೆ, ಬಾಲ ಒಳಗೆ. ಹರಿದ್ರೆ ತಾನೇ ಮುಚ್ಕೊಳ್ಳುತ್ತೆ, ಒಳಗೆ ಯಾರೂ ಇಲ್ದಿದ್ರೂ," ಎಂದರು ಅತ್ತೆ.

ಯಾರೂ ಎಂದರೆ?

ತಿಂಗಳಿಗೊಂದು ಮಾಸಿಕ, ಮಾಸಿಕಕ್ಕೊಂದು ಸೀಸೆ. ಪುರೋಹಿತರು ಹೊರಟ ಮೇಲೆ ಅತ್ತೆ ಸೂಕ್ಷ್ಮದರ್ಶಕದ ಬೆಳಕು ತಗ್ಗಿಸಿ ಕೂರುತ್ತಿದ್ದರು. ನಾನೂ ಇಣುಕಿದ್ದೇನೆ: ಮಸುಕು ಬಳೆಗಳು, ಖಾಲಿ, ಯಾರೂ ಊದದೆ ಮೆಲ್ಲಗೆ ಸರಿಯುತ್ತವೆ. "ಇವತ್ತು ಸ್ವಲ್ಪ ಸೊರಗಿದಾರೆ," ಎನ್ನುತ್ತಿದ್ದರು. ಪಕ್ಕದ ಮನೆಯವರು ಐಸ್ ಕೇಳಿದಾಗ, "ತಗೊಳ್ಳಿ, ಇವರ ಪಕ್ಕದಲ್ಲೇ ಇದೆ," ಎಂದರಂತೆ. ಬಸವೇಶ್ವರನಗರದ ಆ ರಸ್ತೆಯಲ್ಲಿ ಮತ್ತೆ ಯಾರೂ ಐಸ್ ಕೇಳಿಲ್ಲ.

ವರ್ಷದ ತಿಥಿಗೆ ಮುಂಚೆ ಅತ್ತೆ ಮೂರು ದಿನ ಮೈಸೂರಿಗೆ ಹೋದರು. ಮನೆಗೆ ನಾನು ಕಾವಲು. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಲು ಫ್ರಿಜ್ಜಿನ ಪ್ಲಗ್ ಕಿತ್ತವಳು ಮರೆತೇಬಿಟ್ಟೆ. ಮರುದಿನ ನೋಡಿದರೆ ಉಳಿದಿದ್ದ ಒಂದೇ ಸೀಸೆ ಕರಗಿ ಬೆಚ್ಚಗಾಗಿತ್ತು. ಲೆನ್ಸಿನಡಿ ಚೂರುಗಳು ಮಾತ್ರ. ಅತ್ತೆ ಕೊನೆಯ ಸಲ ನೋಡಬೇಕಿದ್ದ ಮಾವ ಅಲ್ಲಿರಲಿಲ್ಲ.

ನಾಗರಬಾವಿಯಲ್ಲಿ ನಾನು ಓದುವ ಲ್ಯಾಬಿಗೆ ಹೋಗಿ, ನನ್ನ ಬೆರಳು ಚುಚ್ಚಿಕೊಂಡು, ಅದೇ ಕ್ರಮದಲ್ಲಿ ಹೊಸ ಸೀಸೆ ತುಂಬಿದೆ. ಇಣುಕಿದರೆ ಅದೇ ಬಳೆಗಳು, ಅದೇ ಖಾಲಿ. ಮಾವನಿಗೂ ನನಗೂ ಒಂದೂ ವ್ಯತ್ಯಾಸವಿಲ್ಲ. ಬದುಕಿರುವವಳು ನಾನೇ ತಾನೆ ಎಂದು ನಾಡಿ ಹಿಡಿದು ನೋಡಿಕೊಂಡೆ.

ತಿಥಿಯ ದಿನ ಅತ್ತೆ ಬಹಳ ಹೊತ್ತು ಲೆನ್ಸಿನಿಂದ ಕಣ್ಣು ತೆಗೆಯಲಿಲ್ಲ.

"ವರ್ಷ ಇಟ್ಟಿದ್ದು ಇಷ್ಟು ದುಂಡಗಿರಲ್ಲ ಕಣೇ. ಎಲ್ಲಿ, ಕೈ ಕೊಡು."

ಕೊಟ್ಟೆ. ಚುಚ್ಚಿದ ಗುರುತು ಅವರಿಗೆ ಸಿಕ್ಕಿತು.

"ಫ್ರಿಜ್ ಆಫ್ ಮಾಡ್ಬಿಟ್ಟಿದ್ದೆ ಅತ್ತೆ."

"ಅದಕ್ಕೆ ಚುಚ್ಕೊಂಡ್ಯಾ? ನೋವಾಯ್ತಾ?"

ಮಾವ ಹೋದ ದಿನವೂ ಅಳದಿದ್ದ ಅತ್ತೆ, ನನ್ನ ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅತ್ತರು.