ಭಾಗಗಳನ್ನು ಗುರುತಿಸಿ

ಕನ್ನಡದಲ್ಲಿ ಚಿತ್ರವನ್ನೂ ಬರೆಯುವುದೇ. ಈ ಮಾತನ್ನು ನಾನು ಸ್ವಲ್ಪ ಹೆಚ್ಚಾಗಿಯೇ ನಂಬಿಕೊಂಡವಳು. ಮೈಸೂರಿನಲ್ಲಿ ನನ್ನನ್ನು ಎಸ್ಸೆಸ್ಸೆಲ್ಸಿ ದಾಟಿಸಿದ್ದೇ ‘ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ’ ಎಂಬ ಪ್ರಶ್ನೆ. ದಾಸವಾಳವೋ, ಮನುಷ್ಯನ ಕಿವಿಯೋ, ಯಾವುದಾದರೂ ಸರಿ, ಬಲಗಡೆಗೆ ಸ್ಕೇಲಿಟ್ಟು ಗೆರೆ ಎಳೆದು ಹೆಸರು ಬರೆದರೆ ಪೂರ್ತಿ ಮಾರ್ಕು. ಗೆರೆಯಿಲ್ಲದ ಚಿತ್ರ ನನಗೆ ಒಗ್ಗರಣೆಯಿಲ್ಲದ ಸಾರು.

ಇಂಥವಳನ್ನು ಟೆಕ್ಸಸ್ಸಿನ ಯೂಲೆಸ್‌ನ ಲೈಬ್ರರಿಯಲ್ಲಿ ಅಮ್ಮ-ಮಕ್ಕಳು ಒಟ್ಟಿಗೆ ಚಿತ್ರ ಬರೆಯುವ ತರಗತಿಗೆ ಸೇರಿಸಿದ್ದು ನನ್ನ ಗಂಡ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಹಾಗಾಗಿ ಅವರು ಲಾಸ್ ಕೊಲಿನಾಸ್‌ನ ಆಫೀಸಿನಿಂದ ಬಂದೊಡನೆ ಅವರ ತಲೆ ತಿನ್ನುವುದೇ ನನ್ನ ಕೆಲಸವಾಗಿತ್ತು. “ಹೋಗ್ಬಾ, ಕೈಗೊಂದಿಷ್ಟು ಕೆಲಸ, ಬಾಯಿಗೊಂಚೂರು ರಜಾ” ಅಂದರು. ತರಗತಿಯ ವಿಷಯ, ಶರತ್ಕಾಲದಲ್ಲೂ ಚಳಿಗಾಲದಲ್ಲೂ ಮರದಡಿ ಸಿಗುವ ವಸ್ತುಗಳು. ಟೆಕ್ಸಸ್ಸಿನಲ್ಲಿ ನವೆಂಬರಿಗೂ ಏಸಿ ಹಾಕಿಕೊಂಡೇ ಶರತ್ಕಾಲ ಬಂತೆಂದು ನಂಬಬೇಕು. ಆದರೂ ಅಪಾರ್ಟ್‌ಮೆಂಟಿನ ಓಕ್ ಮರದಡಿ ಅದರ ಕಾಯಿಗಳನ್ನು ನಾನೂ ಮಗಳೂ ಆರಿಸಿಕೊಂಡೆವು. ಗೋಟಡಿಕೆಗೆ ಟೊಪ್ಪಿ ಹಾಕಿದಂತಿದ್ದವು.

ಚೆನ್ನಾಗಿ ಬಂದದ್ದನ್ನು ಲೈಬ್ರರಿಯ ಗೋಡೆಗೆ ಹಾಕುತ್ತಾರೆ ಎಂದು ತಿಳಿದಾಗಿನಿಂದ ಎಂಟು ವರ್ಷದ ಮಗಳು ಮೇಘಾಳಿಗೆ ದಿಗಿಲು. ಹಿಂದೊಮ್ಮೆ ಅವಳು ಶಾಲೆಗೆಂದು ಬರೆದ ಚಿಟ್ಟೆಗೆ ನಾನು ರೆಕ್ಕೆ, ಮೀಸೆ ಎಲ್ಲ ಗುರುತಿಸಿಕೊಟ್ಟಿದ್ದೆ. “ಅಮ್ಮಾ, ನೋ ಲೈನ್ಸ್, ಪ್ಲೀಸ್. ಮೈ ಫ್ರೆಂಡ್ಸ್ ವಿಲ್ ಸೀ ಇಟ್” ಅಂದಳು. ಆಣೆ ಮಾಡಿಸಿಕೊಂಡಳು ಕೂಡ.

ಕಾಯಿಯನ್ನು ಮುಟ್ಟಿ ನೋಡಿ, ಮನಸ್ಸಿಗೆ ಅನ್ನಿಸಿದ್ದನ್ನು ಬರೆಯಿರಿ ಎಂದರು ಟೀಚರ್, ಬೆಳ್ಳಿಕೂದಲಿನ ಅಮೆರಿಕನ್ ಅಜ್ಜಿ. ನನಗೆ ಅನ್ನಿಸಿದ್ದು ಒಂದೇ, ಹೆಸರು ಬರೆಯದಿದ್ದರೆ ಮಾರ್ಕು ಹೋಗುತ್ತದೆ. ಆಣೆಯೆಲ್ಲ ಮರೆತು ಕೈ ತಾನಾಗಿ ಸ್ಕೇಲು ಹುಡುಕಿತು. ಅದರ ಭಾಗಗಳ ಶಾಸ್ತ್ರೀಯ ಹೆಸರು ನನಗೇನು ಗೊತ್ತು, ಟೊಪ್ಪಿ, ಹೊಟ್ಟೆ, ಮೂತಿ ಎಂದು ಕನ್ನಡದಲ್ಲಿ ಬರೆದೆ.

ಟೀಚರ್ ಬಂದು ಈ ಮುದ್ದಾದ ಅಕ್ಷರಗಳು ಏನು ಎಂದು ಕೇಳಿದರು. ಮೇಘಾಳ ಮುಖ ಕೆಂಪಾಯಿತು. ಮಾನ ಉಳಿಸಿಕೊಳ್ಳಲು, “ಇಟ್ಸ್ ಎ ಪೊಯೆಮ್” ಅಂದುಬಿಟ್ಟಳು. ಓದಿ ಎಂದರು ಟೀಚರ್. ಬೇರೆ ದಾರಿಯಿಲ್ಲದೆ ಎದ್ದು ನಿಂತು, ಆದಷ್ಟು ಗಂಭೀರವಾಗಿ, “ಟೊಪ್ಪಿ... ಹೊಟ್ಟೆ... ಮೂತಿ” ಎಂದು ಎಳೆದೆಳೆದು ಓದಿದೆ. ಟೀಚರ್ ಕಣ್ಣು ಒರೆಸಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಶನಿವಾರ ಗೋಡೆಯ ಮೇಲೆ ನನ್ನ ಕಾಯಿಯೂ ಪಕ್ಕದಲ್ಲಿ ಮೇಘಾಳ ಓಕ್ ಮರವೂ ಇದ್ದವು. ಮರದಡಿ ತರಗೆಲೆ, ಕಾಯಿಗಳ ನಡುವೆ ಸೀರೆಯುಟ್ಟ ನಾನು. ನನ್ನ ಬಾಯಿಯಿಂದ ಬಲಗಡೆಗೆ ಒಂದು ಗೆರೆ, ಅದರ ತುದಿಗೆ ಇಂಗ್ಲಿಷಿನಲ್ಲಿ, ‘ಆಲ್ವೇಸ್ ಓಪನ್’. ಗಂಡ ಅದನ್ನು ಎರಡೆರಡು ಸಲ ಓದಿ ಆನಂದಪಟ್ಟರು. ನನಗೆ ಸಿಟ್ಟು ಬಂತು. ಆದರೆ ಮಾರ್ಕು ಕಳೆಯುವಂತಿರಲಿಲ್ಲ, ಗೆರೆಯನ್ನು ಸ್ಕೇಲಿಟ್ಟೇ ಎಳೆದಿದ್ದಳು.