ರಾಗಿ ಡ್ರಮ್ಮೊಳಗೆ ಅವ್ವನ ಫೋನು

ಇಲ್ಲ ಕಣ್ರೀ, ನಾನು ಹೆದ್ರಿ ಬೀಳಲಿಲ್ಲ. ಬೆಳಿಗ್ಗೆಯಿಂದ ಹೊಟ್ಟೆ ಖಾಲಿ ಇತ್ತು, ಅದ್ಕೆ ಬಿದ್ದೆ. ನೀವು ಕೇಳ್ದಿದ್ರೂ ಹೇಳ್ಬುಡ್ತೀನಿ. ನಮ್ಮನೇಲಿ ಯಾವಾಗ ಧೈರ್ಯ ಮಾಡಿದ್ರೂ ಹಿಂಗೇ ಏನಾರ ಒಂದು ಆಯ್ತದೆ.

ಸೂಜಿ

ನಮ್ಮೂರ ಪಕ್ಕದ ಹ್ಯಾಂಡ್‌ಪೋಸ್ಟಲ್ಲಿ ಮೈಸೂರಿನ ಆಸ್ಪತ್ರೆಯೋರು ಕ್ಯಾಂಪ್ ಹಾಕಿದ್ರು. ಕ್ಯಾನ್ಸರ್ ಜೋರಾಗಕ್ಕೆ ಮುಂಚೆನೇ ಹಿಡಿಯೋ ಪರೀಕ್ಷೆ ಕಂಡುಹಿಡೀತಾವ್ರಂತೆ. ರಕ್ತ, ಎಂಜಲು ಕೊಡೋ ಜನ ಬೇಕು, ಚೆನ್ನಾಗಿರೋರೂ ಬೇಕು ಅಂದ್ರು ಅಲ್ಲಿದ್ದ ನರ್ಸ್ ಸಿಸ್ಟರ್.

ಅವ್ವನ ಕೆನ್ನೆ ಒಳಗೆ ಬೆಳ್ಳಗೊಂದು ಮಚ್ಚೆ ಆಗಿತ್ತು. ನಲವತ್ತು ವರ್ಷದ ಹೊಗೆಸೊಪ್ಪು. ಅದನ್ನ ನೋಡ್ದಾಗಿಂದ ನಂಗೆ ಅನ್ನ ಸೇರ್ತಿರಲಿಲ್ಲ. ಕ್ಯಾಂಪಿಗೆ ಬಾ ಅಂದ್ರೆ, ಮೊದ್ಲು ನೀನು ಚುಚ್ಚಿಸ್ಕೊ ಅಂದ್ಲು. ನಾನು ಡಿಗ್ರಿನೇ ಅರ್ಧಕ್ಕೆ ಬುಟ್ಟೋನು, ಬುಟ್ಟೋಡೋದು ಅಭ್ಯಾಸ. ಆದ್ರೂ ತೋಳು ಚಾಚ್ದೆ.

ಕಣ್ಣು ಬುಟ್ಟಾಗ ನೆಲದ ಮೇಲಿದ್ದೆ. ಅವ್ವ ಸೆರಗಲ್ಲಿ ಗಾಳಿ ಬೀಸ್ತಾ ಸಿಸ್ಟರನ್ನ ಕೇಳ್ತಿದ್ಲು: "ಸೂಜಿ ಇನ್ನೂ ಚುಚ್ಚಿಲ್ಲ ಅಲ್ವೇನವ್ವ?"

ಖಾಲಿ ಹೊಟ್ಟೆ

ಮಾರನೇ ದಿನ ಅವ್ವನ ಸರದಿ. ಏನೂ ತಿನ್ದೆ ಬನ್ನಿ ಅಂದಿದ್ರು. ಸಿಸ್ಟರ್ ಕೆನ್ನೆ ಒಳಗೆ ಹತ್ತಿ ಸವರಿದ್ರು. ಹತ್ತಿ ಕೆಂಪಗೆ ಬಂತು, ಸಿಸ್ಟರ್ ಮುಖ ಬೆಳ್ಳಗಾಯ್ತು, ನಾನು ಗೋಡೆ ಹಿಡ್ಕೊಂಡೆ. ಆಮೇಲೆ ಎಲೆ-ಅಡಿಕೆ ವಾಸ್ನೆ ಬಂತು.

ಸಿಸ್ಟರ್ ಗದರಿದ್ರೆ ಅವ್ವಂಗೇ ಬೇಜಾರು. "ಕಾಫಿನೂ ಕುಡ್ದಿಲ್ಲ ಕಣವ್ವ. ಬರೀ ಹೊಟ್ಟೇಲಿ ಎಂಗೆ ಬರಾದು ಅಂತ ಎಲ್ಡು ಎಲೆ ಹಾಕ್ಕೊಂಡೆ."

ಬಾಯಿ ತೊಳ್ಸಿ, ಕಾಯ್ಸಿ, ಇನ್ನೊಂದ್ಸಲ ಸವರಿದ್ರು.

ಫೋನು

ಏನಾದ್ರೂ ಕಂಡ್ರೆ ಫೋನ್ ಮಾಡ್ತೀವಿ ಅಂದ್ರು. ಅವ್ವ ಮನೆಗೆ ಬಂದೋಳೇ ಫೋನ್ ತಗೊಂಡೋಗಿ ರಾಗಿ ಡ್ರಮ್ಮಲ್ಲಿ ಹೂತಾಕುದ್ಲು. ಫೋನೇ ಬರ್ದಿದ್ರೆ ಕಾಯ್ಲೆ ಎಲ್ಲಿಂದ ಬಂದಾತು, ಅದು ಅವಳ ಲೆಕ್ಕ.

ನಾನೇನೂ ಬಯ್ಯಲಿಲ್ಲ. ಕ್ಯಾಂಪಿಂದ ಹೊರಗೆ ಬರ್ತಿದ್ದಂಗೇ ನಂದು ಸ್ವಿಚಾಫ್ ಮಾಡಿದ್ದೆ.

ಬಾಗ್ಲು

ಎಂಟನೇ ದಿನ ಸಿಸ್ಟರ್ ಜೀಪಲ್ಲಿ ಮನೆಗೇ ಬಂದ್ರು. ಮಚ್ಚೆ ಮೇಲೆ ಡಾಕ್ಟ್ರಿಗೆ ಅನುಮಾನ, ಚೂರು ತೆಗ್ದು ನೋಡ್ಬೇಕು, ಈಗ್ಲೇ ಮೈಸೂರಿಗೆ ಬಂದ್ರೆ ಒಳ್ಳೇದು, ಹೊಗೆಸೊಪ್ಪು ಇವತ್ತೇ ಬುಡ್ಬೇಕು ಅಂದ್ರು.

ಅವ್ವ ಡ್ರಮ್ಮಿಗೆ ಮೊಣಕೈವರೆಗೂ ಕೈ ಹಾಕಿ ಫೋನ್ ತೆಗುದ್ಲು, ಸೆರಗಲ್ಲಿ ಒರೆಸುದ್ಲು. ಸೊಂಟದಿಂದ ಎಲೆ-ಅಡಿಕೆ, ಹೊಗೆಸೊಪ್ಪಿನ ಚೀಲ ಬಿಚ್ಚಿ ಒಂದು ಗಳಿಗೆ ನೋಡುದ್ಲು. ಫೋನ್ ಇದ್ದ ಗುಂಡಿಗೇ ಅದನ್ನ ತುರುಕಿ ರಾಗಿ ಮುಚ್ಚುದ್ಲು.

ನಾನು ಚಪ್ಪಲಿ ಹುಡುಕ್ತಿದ್ದೆ.

"ನೀನು ಇಲ್ಲೇ ಇರು ಕಣ್ಲಾ. ಅಲ್ಲಿ ಅವ್ರು ನನ್ನ ನೋಡಾದ, ಬಿದ್ದಿರೋ ನಿನ್ನ ಎತ್ತಾದ?" ಅಂದೋಳೇ, ಸಿಸ್ಟರ್ ಹಿಂದೆ ಹೊರಗೋಗಿ ಬಾಗ್ಲು ಎಳ್ಕಂಡು ಚಿಲಕ ಹಾಕುದ್ಲು.